ಚಾಲೂ ಮಾಡುವುದಿಲ್ಲ ಎಂದ ಮಷೀನು

ಶೆಟ್ಟಿಕೊಪ್ಪದ ಹತ್ತಿರ ಟಾರು ರಸ್ತೆ ಬಿಟ್ಟು ಒಳಗೆ ತಿರುಗಿದರೆ ಸಿಗುವ ಊರಿನಲ್ಲಿ ಸರ್ವಮಂಗಳಾ ಅಂಗನವಾಡಿ ಟೀಚರು. ಟೀಚರು ಅನ್ನುವುದು ಊರಿನವರು ಕೊಟ್ಟ ಮರ್ಯಾದೆ. ಸರ್ಕಾರ ಅವಳನ್ನು ಕಾರ್ಯಕರ್ತೆ ಎಂದು ಕರೆದು ಕೈತೊಳೆದುಕೊಂಡಿತ್ತು. ಊರಿಗೆಲ್ಲ ಅವಳು ಮಂಗಳಕ್ಕ. ಗಂಡ ಸೊಸೈಟಿಯಲ್ಲಿ ಅಕ್ಕಿ ತೂಗುವವನು, ಮನೆಯಲ್ಲಿ ಮಾತನ್ನೂ ತೂಗಿಯೇ ಆಡುವವನು. ಹಾಗಾಗಿ ಇಬ್ಬರ ಪಾಲಿನ ಮಾತನ್ನೂ ಅವಳೊಬ್ಬಳೇ ಆಡಬೇಕಿತ್ತು.

ಆ ಮಾತಿಗೆ ಊರಿನಲ್ಲಿ ಬೆಲೆ ಇತ್ತು. ಸುಮ್ಮನೆ ಬಂದ ಬೆಲೆಯಲ್ಲ ಅದು, ನಮ್ಮ ಜನ ಅಷ್ಟು ಸುಲಭಕ್ಕೆ ಯಾರನ್ನೂ ನಂಬುವವರಲ್ಲ. ಮೊದಲ ಸಲ ಬಸುರಿಯರಿಗೆಂದು ಕಬ್ಬಿಣದ ಮಾತ್ರೆ ಬಂದಾಗ, ಅದು ಮುಂದೆ ಮಕ್ಕಳೇ ಆಗದ ಹಾಗೆ ಮಾಡುವ ಮಾತ್ರೆ ಎಂದು ಯಾರೋ ಪುಣ್ಯಾತ್ಮರು ಸುದ್ದಿ ಹಬ್ಬಿಸಿದರು. ಮಾತ್ರೆಗಳೆಲ್ಲ ಕೊಟ್ಟಿಗೆಯ ಗೊಬ್ಬರದ ಗುಂಡಿ ಸೇರಿದವು. ಮಂಗಳಕ್ಕ ವಾದ ಮಾಡಲಿಲ್ಲ. ದಿನಾ ಬೆಳಿಗ್ಗೆ ಅಂಗನವಾಡಿಯ ಬಾಗಿಲಲ್ಲಿ ನಿಂತು, ಹೋಗುವವರು ಬರುವವರ ಎದುರಿಗೇ ಒಂದು ಮಾತ್ರೆ ನುಂಗಿ ನೀರು ಕುಡಿಯುತ್ತಿದ್ದಳು. ಮರುವರ್ಷ ಅವಳಿಗೇ ಎರಡನೇ ಮಗು ಹುಟ್ಟಿತು. ಊರಿನ ಬಾಯಿ ಅಲ್ಲಿಗೆ ಮುಚ್ಚಿತು. ಆಮೇಲಾಮೇಲೆ ಯಾವ ಹೆರಿಗೆಗೆ ಯಾವ ಆಸ್ಪತ್ರೆ, ಯಾವ ಮಗುವಿಗೆ ಯಾವ ಚುಚ್ಚುಮದ್ದು, ಎಲ್ಲಕ್ಕೂ ಮಂಗಳಕ್ಕ ಏನಂದಳು ಎಂದು ಕೇಳುವುದೇ ರೂಢಿಯಾಯಿತು.

ಈ ನಂಬಿಕೆಯ ವಾಸನೆ ಹಿಡಿದುಕೊಂಡೇ ಡಾಕ್ಟರ್ ರೇಣುಕಾಪ್ರಸಾದ್ ಬಂದದ್ದು. ಅದು ಎರಡು ಸಾವಿರದ ಆರನೇ ಇಸವಿ, ಗದ್ದೆ ಕುಯ್ಲು ಮುಗಿದು ಜನ ಬಿಡುವಾಗಿದ್ದ ಕಾಲ. ಹೊರಗಿನವನೇನಲ್ಲ. ಬಾಳೆಹೊನ್ನೂರಿನಲ್ಲಿ ಮಂಗಳಕ್ಕನ ತವರುಮನೆಯ ಗೋಡೆಗೆ ಅಂಟಿದ್ದ ಮನೆ ಅವನದು. ತಾಯಿ ವೀರಬಸಮ್ಮ ಕೆಲಸಕ್ಕೆ ಹೋದಾಗಲೆಲ್ಲ ಇವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಆಗಿನ್ನೂ ಲಂಗ ತೊಡುತ್ತಿದ್ದ ಈ ಮಂಗಳಾ. ಈಗ ಅವನು ದೂರದ ಊರಿನ ದೊಡ್ಡ ಮೆಡಿಕಲ್ ಕಾಲೇಜಿನಲ್ಲಿ ಮೂಳೆ ಡಾಕ್ಟರಾಗಲು ಓದುತ್ತಿದ್ದ. ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡುವ ಹೆಂಗಸರ ತೊಡೆಯ ಕೀಲು ಬೇಗ ಸವೆಯುತ್ತದೆಯೇ ಎಂದು ನೋಡುವ ಸಂಶೋಧನೆ ಹಿಡಿದಿದ್ದ.

"ನೋವಿದ್ದವರದ್ದೂ ಎಕ್ಸ್‌ರೇ ಬೇಕು, ನೋವಿಲ್ದೇ ಇದ್ದವರದ್ದೂ ಬೇಕು ಅಕ್ಕ. ಹೋಲಿಸಿ ನೋಡ್ಬೇಕಲ್ಲ. ನೀನು ಹೇಳಿದ್ರೆ ಊರೇ ಬರ್ತದೆ ಅಂತ ಅಮ್ಮ ಹೇಳಿದ್ರು," ಎಂದ.

"ನೋವಿಲ್ದವರಿಗೆ ಎಂತಕ್ಕೆ ಮಾರಾಯ? ಅದರ ಬೆಳಕು ಒಳ್ಳೇದಲ್ಲ ಅಂತಾರಪ್ಪ. ಬಸುರಿಯರಿಗೆ ಅಂತೂ ಆಗ್ಲೇಬಾರ್ದಂತೆ."

"ಅವರನ್ನ ತೆಗೆಯೋದೇ ಇಲ್ಲ. ಮೊದ್ಲೇ ಕೇಳ್ತೀವಿ. ಬೇರೆಯವರಿಗೆ ಒಂದು ಫಿಲ್ಮಿನಿಂದ ಎಂತದೂ ಆಗೋದಿಲ್ಲ."

ಅವಳು ಮನೆಮನೆಗೆ ಹೋಗಿ ಹೇಳಿದಳು. ಪುಕ್ಕಟೆ ಎಕ್ಸ್‌ರೇ ಎಂದರೆ ನಮ್ಮಲ್ಲಿ ಬೇಡವೆನ್ನುವವರು ಯಾರು? ಕೊಪ್ಪಕ್ಕೋ ಶಿವಮೊಗ್ಗಕ್ಕೋ ಹೋಗಿ ಕಾದು ಕಾದು ತೆಗೆಸಬೇಕಾದದ್ದು ಶಾಲೆಯ ಬಯಲಿಗೇ ಬರುತ್ತದೆ. ಕಾಯಿಲೆ ಇಲ್ಲದವರಿಗೂ ಒಂದು ತೆಗೆಸಿಟ್ಟುಕೊಂಡರೆ ಮುಂದಕ್ಕೆ ಆದೀತು ಎನ್ನುವ ಲೆಕ್ಕಾಚಾರ. ಊರಿನ ತೂಕದ ಮನುಷ್ಯ ಕರಿಬಸವಯ್ಯನವರಂತೂ, ನಮ್ಮ ಮನೆಯಿಂದ ಒಬ್ಬರೂ ಬಿಡದ ಹಾಗೆ ಬರುತ್ತೇವೆ ಎಂದು ಪಂಚಾಯಿತಿ ಕಟ್ಟೆಯ ಮೇಲೆ ನಿಂತು ಘೋಷಿಸಿದರು.

ಕರಿಬಸವಯ್ಯನವರ ಸೊಸೆ ಶಿವಾನಿ. ಮಗ ಕಲ್ಲೇಶ್ ಶೆಟ್ಟಿಕೊಪ್ಪದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು. ಹಿಂದಿನ ವರ್ಷ ಶಿವಾನಿಗೆ ಎರಡು ತಿಂಗಳು ತುಂಬುವ ಮೊದಲೇ ಅತ್ತೆ ಕಲ್ಲಮ್ಮ ಬೀದಿಗೆಲ್ಲ ಹೋಳಿಗೆ ಹಂಚಿ, ಜಯಪುರದ ನೆಂಟರಿಗೂ ಹೇಳಿ ಕಳಿಸಿದ್ದರು. ಬಸುರು ನಿಲ್ಲಲಿಲ್ಲ. ಹೋದದ್ದರ ಸಂಕಟ ಒಂದು ಕಡೆ, ಹೋಳಿಗೆ ತಿಂದವರೆಲ್ಲ ಬಂದು ಸಮಾಧಾನ ಹೇಳಿದ ಸಂಕಟ ಇನ್ನೊಂದು ಕಡೆ. ಆ ಹುಡುಗಿ ಮೂರು ತಿಂಗಳು ತಲೆ ಎತ್ತಿ ನಡೆಯಲಿಲ್ಲ. ಈಗ ಮತ್ತೆ ನಿಂತಿತ್ತು. ಹೊಟ್ಟೆ ಕಾಣುವವರೆಗೆ ಅತ್ತೆಗೂ ಹೇಳಬಾರದೆಂದು ಗಂಡಹೆಂಡತಿ ತೀರ್ಮಾನ ಮಾಡಿಕೊಂಡಿದ್ದರು. ಲಿಂಗವಂತರಾದ ಅವರ ಮನೆಗಳಲ್ಲಿ ತಿಂಗಳಿಗೊಮ್ಮೆ ಹೆಂಗಸರು ಹೊರಗೆ ಕೂರುವ ಪದ್ಧತಿ ಇಲ್ಲ. ಆದ್ದರಿಂದ ಈ ತಿಂಗಳು ಯಾಕೆ ಕೂರಲಿಲ್ಲ ಎಂದು ಲೆಕ್ಕ ಹಿಡಿಯುವವರೂ ಇರಲಿಲ್ಲ. ಮಾತ್ರೆ ಬೇಕಿದ್ದರಿಂದ ಮಂಗಳಕ್ಕನಿಗೆ ಮಾತ್ರ ಗೊತ್ತು.

"ಅಕ್ಕ, ನನ್ನ ಮೇಲಾಣೆ. ಈ ಸಲ ಯಾರಿಗೂ ಬಾಯಿ ಬಿಡಬಾರ್ದು," ಎಂದು ಶಿವಾನಿ ಅವಳ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳು.

ಕ್ಯಾಂಪಿನ ದಿನ ವ್ಯಾನು ಬಂತು, ಜನರೇಟರ್ ಗುಡುಗಿತು. ಫಿಲ್ಮ್ ತೆಗೆಯುವವನು ಮೈತುಂಬ ಸೀಸದ ಏಪ್ರನ್ ತೊಟ್ಟು, ಬಟನ್ ಒತ್ತುವಾಗ ಹಲಗೆಯ ಹಿಂದೆ ಹೋಗಿ ನಿಲ್ಲುತ್ತಿದ್ದ. ಮಲಗಿದವರ ಮೇಲೆ ಹೊದಿಸಲು ಒಂದು ಚೂರು ಸೀಸವೂ ಇರಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ. ಅವನು ಮಧ್ಯೆ ಒಮ್ಮೆ ಹೊರಗೆ ಬಂದು, ಸಂತೆಯಲ್ಲಿ ಕೂಗಿದ ಹಾಗೆ ಕೂಗಿದ: "ಗರ್ಭಿಣಿಯರು ಯಾರಾದ್ರೂ ಇದ್ರೆ ಕೈ ಎತ್ತಿ."

ಎಂಥ ಬುದ್ಧಿ ನೋಡಿ. ಸಾಲಿನಲ್ಲಿ ಮಾವ ಇದ್ದಾರೆ, ಮೈದುನರಿದ್ದಾರೆ, ಊರಿನ ಗಂಡಸರೆಲ್ಲ ಇದ್ದಾರೆ. ತುಂಬಿದ ಹೊಟ್ಟೆಯವಳೂ ಅಲ್ಲಿ ಕೈ ಎತ್ತುವವಳಲ್ಲ, ಇನ್ನು ಗುಟ್ಟಾಗಿ ಇಟ್ಟುಕೊಂಡವಳು ಎತ್ತುತ್ತಾಳೆಯೇ? ಅತ್ತೆಯ ಹಿಂದೆ ನಿಂತಿದ್ದ ಶಿವಾನಿ ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ ಮುಖ ತಿರುಗಿಸಿ ಮಂಗಳಕ್ಕನನ್ನು ನೋಡಿದಳು.

ಮಂಗಳಕ್ಕ ರೇಣುಕಾಪ್ರಸಾದನನ್ನು ಶಾಲೆಯ ಹಿಂದಕ್ಕೆ ಕರೆದಳು.

"ಕರಿಬಸವಯ್ಯನವರ ಸೊಸೆ ಇದಾಳಲ್ಲ, ಹಸಿರು ಸೀರೆಯವಳು. ಅವಳಿಗೆ ಬೇಡ ಪ್ರಸಾದ."

"ಯಾಕಕ್ಕ?"

"ಯಾಕೆ ಅಂದ್ರೆ ಎಂತ ಹೇಳ್ಲಿ. ಡಾಕ್ಟರಲ್ವ ನೀನು, ತಿಳ್ಕೊ. ಮನೆಯವರಿಗೂ ಗೊತ್ತಿಲ್ಲ. ಸಾಲಿಂದ ಎಳೆದು ಆಚೆ ನಿಲ್ಸಿದ್ರೆ ಎಲ್ರೂ ಯಾಕೆ ಅಂತಾರೆ."

ಅವನು ಸ್ವಲ್ಪ ಯೋಚಿಸಿದ. "ಸರಿ ಬಿಡು. ಒಳಗೆ ಕರೀತೀವಿ, ಟೇಬಲ್ ಮೇಲೆ ಮಲಗಿಸ್ತೀವಿ, ತೆಗೆದ ಹಾಗೆ ಮಾಡಿ ಕಳಿಸ್ತೀವಿ. ಮಷೀನ್ ಚಾಲೂ ಮಾಡೋದಿಲ್ಲ."

"ಖಂಡಿತ ತಾನೆ?"

"ಅಕ್ಕ, ನನ್ನನ್ನ ಎತ್ತಿ ಆಡಿಸಿದವಳು ನೀನು. ನಿನ್ ಹತ್ರ ಸುಳ್ಳು ಹೇಳ್ತೀನಾ?"

ಮಂಗಳಕ್ಕನಿಗೆ ಎದೆ ಹಗುರಾಯಿತು, ಅವನ ಜಾಣತನಕ್ಕೆ ಹೆಮ್ಮೆಯೂ ಆಯಿತು. ಸಾಲಿನ ಪಕ್ಕ ಹಾದುಹೋಗುತ್ತ ಶಿವಾನಿಯ ಕಿವಿಯ ಹತ್ತಿರ, "ಹೋಗು, ಮಲಗಿ ಎದ್ದು ಬಾ. ಚಾಲೂ ಮಾಡೋದಿಲ್ಲ. ನಾನು ಹೇಳ್ತಿದೀನಲ್ಲ," ಎಂದಳು. ಶಿವಾನಿ ಹೋದಳು, ಮಲಗಿದಳು, ಎದ್ದು ಬಂದಳು. ಮಷೀನು ಗುಂಯ್ ಅಂದ ಹಾಗಾಯಿತು ಎಂದು ಆಮೇಲೆ ಹೇಳಿದ್ದಕ್ಕೆ ಮಂಗಳಕ್ಕ ನಕ್ಕುಬಿಟ್ಟಳು. ನಾಟಕ ಅಂದಮೇಲೆ ಸರಿಯಾಗೇ ಆಡಬೇಕಲ್ಲ ಮಾರಾಯ್ತಿ ಎಂದಳು.

ತಿಂಗಳು ಕಳೆಯಿತು. ಫಲಿತಾಂಶ ಹೇಳಲು ಮತ್ತೆ ವ್ಯಾನು ಬಂತು. ಈ ಸಲ ರೇಣುಕಾಪ್ರಸಾದನ ಜೊತೆಗೆ ಒಬ್ಬಳು ಹೊಸ ಡಾಕ್ಟರು, ಎಳೆಯ ಹುಡುಗಿ, ಪಾಪ ಅವಳಿಗೆ ಹಿಂದಿನದೇನೂ ಗೊತ್ತಿಲ್ಲ. ಶಾಲೆಯ ಮೇಜಿನ ಮೇಲೆ ಲೈಟಿನ ಡಬ್ಬಿ ಇಟ್ಟು, ಊರಿನವರನ್ನೆಲ್ಲ ಎದುರಿಗೆ ಕೂರಿಸಿದಳು. ಪ್ರಸಾದ ಫೋನಿಗೆ ಸಿಗ್ನಲ್ ಸಿಗುತ್ತದೆಯೇ ಎಂದು ಹುಡುಕಿಕೊಂಡು ದಿಬ್ಬ ಹತ್ತಿದ್ದ. ಅವಳು ಮೊದಲು ಸುಬ್ಬಮ್ಮಜ್ಜಿಯ ಸವೆದ ಕೀಲು ತೋರಿಸಿದಳು. ಅಯ್ಯೋ ಎಂದರು ಜನ. ಆಮೇಲೆ ಇನ್ನೊಂದು ಫಿಲ್ಮ್ ತೂಗುಹಾಕಿದಳು.

"ಈಗ ಇದನ್ನ ನೋಡಿ. ಆರೋಗ್ಯವಾದ ಕೀಲು ಅಂದ್ರೆ ಹೀಗಿರಬೇಕು. ಇದು ನಿಮ್ಮೂರಿನ ಸೊಸೆ, ಶಿವಾನಿಯವರದ್ದು."

ಜನ ಚಪ್ಪಾಳೆ ತಟ್ಟಿದರು. ಒಬ್ಬರ ಸೊಂಟವನ್ನು ಹೀಗೆ ಊರಿಗೆಲ್ಲ ತೋರಿಸುವುದು ಸರಿಯೇ ಎಂದು ಕೇಳುವವರು ಯಾರೂ ಅಲ್ಲಿರಲಿಲ್ಲ. ಕರಿಬಸವಯ್ಯನವರು ಮೀಸೆ ಸವರಿಕೊಂಡು, "ನಮ್ಮನೆ ಹಾಲು ತುಪ್ಪ ತಿಂದ ಮೂಳೆ ಅದು," ಎಂದರು. ಕಲ್ಲಮ್ಮ ಸೊಸೆಯ ಬೆನ್ನು ತಟ್ಟಿದರು. ಬೆಳಗುತ್ತಿದ್ದ ಆ ಡಬ್ಬಿಯಲ್ಲಿ ಶಿವಾನಿಯ ಸೊಂಟದ ಮೂಳೆ ಬೆಳ್ಳಗೆ, ಸ್ಪಷ್ಟವಾಗಿ ಕಾಣುತ್ತಿತ್ತು. ಶಿವಾನಿ ಅದನ್ನು ನೋಡಲಿಲ್ಲ. ಅವಳು ನೋಡುತ್ತಿದ್ದದ್ದು ಮಂಗಳಕ್ಕನ ಮುಖವನ್ನು.

ಮಂಗಳಕ್ಕ ಎದ್ದು ಹೊರಗೆ ಬಂದಳು. ದಿಬ್ಬ ಇಳಿದು ಬರುತ್ತಿದ್ದ ಪ್ರಸಾದನನ್ನು ವ್ಯಾನಿನ ಮರೆಗೆ ಎಳೆದುಕೊಂಡು ಹೋದಳು.

"ಚಾಲೂ ಮಾಡಿದ್ಯಾ?"

ಅವನಿಗೆ ಏನು ಎತ್ತ ಎಂದು ಹೇಳಬೇಕಾಗಲಿಲ್ಲ. "ನೋವಿಲ್ಲದ ಚಿಕ್ಕ ವಯಸ್ಸಿನವರು ಸಾಕಷ್ಟು ಸಿಗ್ಲಿಲ್ಲ ಅಕ್ಕ. ಮೇಲಿನವರು ಇಷ್ಟು ಜನ ಬೇಕೇ ಬೇಕು ಅಂದಿದ್ರು. ಹೇಗೂ ಬಂದು ಮಲಗಿದಾಳೆ, ಒಂದೇ ಒಂದು ಫಿಲ್ಮ್ ಅಂತ... ಅಷ್ಟರಿಂದ ಎಂತದೂ ಆಗೋದಿಲ್ಲ. ನಿಜವಾಗ್ಲೂ ಆಗೋದಿಲ್ಲ."

"ಆಗೋದಿಲ್ಲ ಅಂತ ಗೊತ್ತಿದ್ರೆ ಆವತ್ತೇ ಹೇಳ್ಬೇಕಿತ್ತು. ಅವಳನ್ನ ಕೇಳ್ಬೇಕಿತ್ತು. ಬೇಕೋ ಬೇಡ್ವೋ ಅಂತ ಅವಳು ಹೇಳ್ತಿದ್ಲು. ಚಾಲೂ ಮಾಡೋದಿಲ್ಲ ಅಂತ ನನ್ ಬಾಯಲ್ಲಿ ಯಾಕೆ ಹೇಳಿಸ್ದೆ?"

"ದೊಡ್ಡದು ಮಾಡ್ಬೇಡ ಅಕ್ಕ. ನನ್ನ ಓದೇ ಹೋಗ್ತದೆ."

ಇವಳು ಮಗುವಿನ ಮಾತಾಡಿದರೆ ಅವನು ಓದಿನ ಮಾತಾಡಿದ. ಅವನನ್ನು ಹೊತ್ತು ತಿರುಗಿದ ಸೊಂಟದ ಮೇಲೆ ಕೈ ಇಟ್ಟುಕೊಂಡು ಮಂಗಳಕ್ಕ ಅವನನ್ನೇ ನೋಡಿದಳು. ಸಿಟ್ಟು ಬಂತು, ಅಳು ಬಂತು. "ಬಾ, ಅವಳ ಎದುರಿಗೆ ನಿಂತು ಹೇಳು. ನಾನೇ ಮಾಡಿದ್ದು, ಆದ್ರೆ ಮಗುಗೆ ಏನೂ ಆಗೋದಿಲ್ಲ ಅಂತ ನಿನ್ ಬಾಯಿಂದ ಹೇಳು," ಎಂದಳು. ಫೋನ್ ಮಾಡಿ ಹೇಳುತ್ತೇನೆ ಎಂದ. ವ್ಯಾನು ಹೋಯಿತು. ಫೋನು ಬರಲಿಲ್ಲ. ಬಾಳೆಹೊನ್ನೂರಿನ ಮನೆಗೆ ಇವಳೇ ಬೂತಿನಿಂದ ಫೋನ್ ಮಾಡಿದರೆ, ಪ್ರಸಾದ ಪರೀಕ್ಷೆಯಲ್ಲಿದ್ದಾನೆ, ತೊಂದರೆ ಕೊಡಬೇಡ ಮಂಗಳಾ ಎಂದು ವೀರಬಸಮ್ಮ ಬೇಸರದಲ್ಲೇ ಇಟ್ಟುಬಿಟ್ಟರು.

ಇತ್ತ ಶಿವಾನಿಯಿಂದ ವಿಷಯ ತಿಳಿದ ಕಲ್ಲೇಶ್ ಕೈಕಟ್ಟಿ ಕೂತಿರಲಿಲ್ಲ. ಹೆಂಡತಿಯನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋಗಿ, ಪರಿಚಯದವರು ಹೇಳಿದ ಒಂದು ನರ್ಸಿಂಗ್ ಹೋಮಿನಲ್ಲಿ ತೋರಿಸಿದ. ಅಲ್ಲಿನ ಡಾಕ್ಟರು ಎಷ್ಟು ಫಿಲ್ಮ್ ಎಂದು ಕೇಳಲಿಲ್ಲ, ಯಾವಾಗ ಎಂದು ಕೇಳಲಿಲ್ಲ. ಬಸುರಿಗೆ ಸೊಂಟದ ಎಕ್ಸ್‌ರೇ ಆಗಿದೆಯೇ, ಹಾಗಾದರೆ ಇಟ್ಟುಕೊಳ್ಳುವ ರಿಸ್ಕ್ ಯಾಕೆ, ಇನ್ನೂ ವಯಸ್ಸಿದೆಯಲ್ಲ ಎಂದು ತೆಗೆಸುವುದಕ್ಕೆ ಗುರುವಾರ ಬರಲು ಹೇಳಿ ಕಳಿಸಿದರು.

ಮಂಗಳವಾರ ಬೆಳಿಗ್ಗೆ ಶಿವಾನಿ ಅಂಗನವಾಡಿಗೆ ಬಂದು ಇದನ್ನು ಹೇಳಿದಳು. ಅಳಲಿಲ್ಲ. ಹಿಟ್ಟಿನ ಚೀಲದ ಮೇಲೆ ಕೂತು ಬೆರಳಿನ ಉಂಗುರ ತಿರುಗಿಸುತ್ತಿದ್ದಳು.

"ಒಂದು ದಿನ ತಡಿ. ಗುರುವಾರದೊಳಗೆ ನಾನು ದೊಡ್ಡ ಡಾಕ್ಟರ್ ಹತ್ರ ಕೇಳ್ಕೊಂಡು ಬರ್ತೀನಿ," ಎಂದಳು ಮಂಗಳಕ್ಕ.

ಬುಧವಾರ ಮಕ್ಕಳನ್ನು ಸಹಾಯಕಿಗೆ ಒಪ್ಪಿಸಿ, ನರಸಿಂಹರಾಜಪುರಕ್ಕೆ ಹೋಗಿ, ಅಲ್ಲಿಂದ ಶಿವಮೊಗ್ಗದ ಬಸ್ಸು ಹತ್ತಿದಳು. ಹೆರಿಗೆ ಕೇಸುಗಳನ್ನು ಕರೆದುಕೊಂಡು ಹೋಗಿ ಗುರುತಿದ್ದ ಒಬ್ಬರು ವಯಸ್ಸಾದ ಲೇಡಿ ಡಾಕ್ಟರ ಬಾಗಿಲಲ್ಲಿ ಮಧ್ಯಾಹ್ನದವರೆಗೆ ಕಾದಳು. ಅವರು ಎಲ್ಲವನ್ನೂ ಕೇಳಿದರು. ಎಷ್ಟು ಫಿಲ್ಮ್, ಯಾವ ಭಾಗ, ಆಗ ಎಷ್ಟು ವಾರ.

"ಹೇಳದೆ ಕೇಳದೆ ತೆಗೆದದ್ದು ತಪ್ಪು, ದೊಡ್ಡ ತಪ್ಪು. ಆದರೆ ಇಷ್ಟಕ್ಕೆ ಮಗುನ ತೆಗೆಸೋದು ಅದಕ್ಕಿಂತ ದೊಡ್ಡ ತಪ್ಪಮ್ಮ," ಎಂದರು. "ಯಾವ ಬಸುರಿಗೂ ಇರೋ ಅಷ್ಟು ಭಯ ಇವಳಿಗೂ ಇದೆ. ಒಂದು ಫಿಲ್ಮಿನಿಂದ ಅದು ಲೆಕ್ಕಕ್ಕೆ ಬರೋವಷ್ಟು ಹೆಚ್ಚೋದಿಲ್ಲ. ಅವಳನ್ನ ಕರ್ಕೊಂಡು ಬಾ. ನಾನೇ ಕೂರಿಸಿ ಹೇಳ್ತೀನಿ."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಂಗಳಕ್ಕನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿನ ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಆಡಿಸಿದಳು. ಪ್ರಸಾದನನ್ನೂ ಕ್ಷಮಿಸಿಬಿಡಬಹುದೇನೋ ಎಂದು ಒಂದು ಗಳಿಗೆ ಅನ್ನಿಸಿತು, ಎಂತದೂ ಆಗೋದಿಲ್ಲ ಎಂದು ಅವನು ಹೇಳಿದ ಆ ಮಾತಾದರೂ ನಿಜವಾಗಿತ್ತಲ್ಲ. ಊರು ತಲುಪಿ ಮನೆಗೂ ಹೋಗದೆ ಶಿವಾನಿಯ ಹಿತ್ತಿಲಿಗೆ ನಡೆದಳು. ಶಿವಾನಿ ಒಗೆಯುವ ಕಲ್ಲಿನ ಹತ್ತಿರ ಒಬ್ಬಳೇ ಇದ್ದಳು.

"ಏನೂ ಆಗೋದಿಲ್ವಂತೆ ಕಣೆ. ಅಷ್ಟು ದೊಡ್ಡ ಡಾಕ್ಟರು, ತಾವೇ ಹೇಳಿದ್ರು. ಇಟ್ಕೊ ಅಂದ್ರು. ನಾನು ಹೇಳ್ತಿದೀನಲ್ಲ."

ಶಿವಾನಿ ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು.

"ಆವತ್ತೂ ಹೀಗೇ ಬಂದು ಹೇಳಿದ್ರಿ ಅಕ್ಕ," ಎಂದಳು. "ಇದೇ ಥರ ನಗ್ತಾ."

"ಆವತ್ತಿನದು ಬೇರೆ. ಅವನು ನನಗೆ ಸುಳ್ಳು ಹೇಳಿದ. ಇವರು ಹಾಗಲ್ಲ. ಬೇಕಾದ್ರೆ ನಾಳೆ ನೀನೇ ಬಾ, ಅವರ ಬಾಯಿಂದಾನೇ ಕೇಳು."

"ಅವನೂ ಡಾಕ್ಟರೇ ಆಗಿದ್ದ ಅಲ್ವ. ನಿಮ್ಮ ಕಡೆಯವನೇ." ಶಿವಾನಿಯ ದನಿ ಏರಲಿಲ್ಲ. "ನಾನು ನಿಮ್ಮನ್ನ ಬೈತಿಲ್ಲ ಅಕ್ಕ. ನೀವು ಬೇಕು ಅಂತ ಮಾಡಿಲ್ಲ, ಗೊತ್ತು. ಆದ್ರೆ ಹುಟ್ಟಿದ ಮೇಲೆ ಮಗುಗೆ ಎಂತಾದ್ರೂ ಕಂಡ್ರೆ ನಾನು ಯಾರನ್ನ ಹೋಗಿ ಕೇಳ್ಲಿ? ಇನ್ನೊಂದು ಸಲ ಮಾತು ನಂಬಿ ಮಲಗೋಕೆ ನನ್ನಿಂದ ಆಗೋದಿಲ್ಲ."

ಮಂಗಳಕ್ಕ ಕೈ ಮುಗಿದಳು, ಕೋಪಿಸಿಕೊಂಡಳು, ಅತ್ತಳು. ಕಲ್ಲೇಶನನ್ನು ಕರೆದು ಹೇಳಿದಳು. ಅವನು ಮುಖ ತಿರುಗಿಸಿಕೊಂಡೇ, "ಅವಳು ಹೇಳಿದ ಹಾಗೆ ಅಕ್ಕ," ಎಂದ. ಕೊನೆಗೆ ಕಲ್ಲಮ್ಮನಿಗೆ ಹೇಳಿಯೇಬಿಡುತ್ತೇನೆ ಎಂದು ಮುಂಬಾಗಿಲಿಗೆ ಬಂದಳು. ಕಲ್ಲಮ್ಮ ಕಾಫಿ ಕೊಟ್ಟರು. ಲೋಟ ಹಿಡಿದು ಕೂತ ಮಂಗಳಕ್ಕನ ನಾಲಿಗೆಯ ತುದಿಗೆ ಮಾತು ಬಂದು ನಿಂತಿತು. ಆಣೆ ಇಟ್ಟು ಮಾತು ತೆಗೆದುಕೊಂಡವಳ ಗುಟ್ಟು; ಒಂದು ಮಾತು ಮುರಿದಾಗಿದೆ, ಇದನ್ನೂ ಮುರಿದರೆ ಆ ಹುಡುಗಿಗೆ ಈ ಲೋಕದಲ್ಲಿ ನಂಬಲು ಯಾರೂ ಉಳಿಯುವುದಿಲ್ಲ. ಹೇಳಬೇಕಿತ್ತು ಎಂದು ನೀವು ಅನ್ನುತ್ತೀರಿ, ನಾನೂ ಅನ್ನುತ್ತೇನೆ. ದೂರ ನಿಂತವರಿಗೆ ಎಲ್ಲ ಸುಲಭ. ಅವಳು ಕಾಫಿ ಕುಡಿದು, ಲೋಟ ತೊಳೆದಿಟ್ಟು ಎದ್ದಳು.

ಹೊರಡುವಾಗ ಶಿವಾನಿ ಹಿತ್ತಿಲ ಬೇಲಿಯವರೆಗೆ ಬಂದಳು. "ನಾಳೆ ಜೊತೆಗೆ ಒಬ್ಬರು ಹೆಂಗಸರು ಬೇಕಂತೆ. ಅತ್ತೆಗೆ ಹೇಳೋ ಹಾಗಿಲ್ಲ, ತವರಿಗೂ ಹೇಳೋ ಹಾಗಿಲ್ಲ. ನೀವೇ ಬರ್ಬೇಕು ಅಕ್ಕ."

ಬೇಡವಾಗಿದ್ದ ಕೆಲಸ, ಆಗಬಾರದ ಕೆಲಸ ಎಂದು ತನಗೊಬ್ಬಳಿಗೆ ಚೆನ್ನಾಗಿ ಗೊತ್ತಿದ್ದ ಕೆಲಸಕ್ಕೆ ಮಂಗಳಕ್ಕ ಗುರುವಾರ ಜೊತೆಗೆ ಹೋದಳು. ಒಳಗೆ ಹೋಗುವ ಮೊದಲು ಶಿವಾನಿ ಕಿವಿಯ ಓಲೆ, ಸರ ಬಿಚ್ಚಿ ಅವಳ ಕೈಗೆ ಕೊಟ್ಟಳು. ಕೊರಳಲ್ಲಿದ್ದ ಇಷ್ಟಲಿಂಗದ ಕರಡಿಗೆ ಮಾತ್ರ ಬಿಚ್ಚುವುದಿಲ್ಲ ಎಂದು ನರ್ಸಿನ ಹತ್ತಿರ ಹಟ ಮಾಡಿದಳು. ಅದನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿದ್ದು ಮಂಗಳಕ್ಕನೇ. ಬೆಂಚಿನ ಮೇಲೆ ಕೂತು ಕಾಯುವಾಗ ಅವಳು ಪ್ರಸಾದನಿಗೆ ಶಾಪ ಹಾಕಲು ನೋಡಿದಳು. ಅವನ ಮುಖ ನೆನಪಿಗೆ ತಂದುಕೊಂಡರೆ ಸಿಂಬಳ ಸುರಿಸಿಕೊಂಡು ಹೆಗಲ ಮೇಲೆ ನಿದ್ದೆ ಮಾಡುತ್ತಿದ್ದ ಕೂಸಿನ ಮುಖವೇ ಬರುತ್ತಿತ್ತು. ಅದಕ್ಕೆ ಇನ್ನಷ್ಟು ಸಂಕಟವಾಯಿತು.

ಸಂಜೆ ಬಾಡಿಗೆ ಜೀಪಿನಲ್ಲಿ ಊರಿಗೆ ಬಂದರು. ಕರಿಬಸವಯ್ಯನವರು ಜಗಲಿಯ ಮೇಲೆ ಕೂತಿದ್ದರು. ಕಲ್ಲಮ್ಮ ಸದ್ದು ಕೇಳಿ ಒಳಗಿನಿಂದ ಬಂದರು. ಸೊಸೆಯ ಮುಖ ಬಿಳಿಚಿಕೊಂಡಿದ್ದನ್ನು ನೋಡಿ ಇಬ್ಬರಿಗೂ ಗಾಬರಿ.

"ಎಂತ ಆಯ್ತೋ ಇವಳಿಗೆ?" ಎಂದರು ಕರಿಬಸವಯ್ಯ.

ಕಲ್ಲೇಶ್ ಚಪ್ಪಲಿ ಬಿಚ್ಚುತ್ತ ನೆಲ ನೋಡಿದ. ಶಿವಾನಿ ಕಂಬ ಹಿಡಿದು ನಿಂತಳು.

"ರಕ್ತ ಕಮ್ಮಿ ಇದೆಯಂತೆ," ಎಂದಳು ಮಂಗಳಕ್ಕ. "ಡ್ರಿಪ್ ಹಾಕಿದಾರೆ. ನಾಲ್ಕು ದಿನ ಎದ್ದು ಓಡಾಡೋದು ಬೇಡ ಅಂದ್ರು. ಮತ್ತೆಂತ ಇಲ್ಲ."

"ಅಷ್ಟೇ ತಾನೆ," ಎಂದು ಕರಿಬಸವಯ್ಯನವರು ಉಸಿರು ಬಿಟ್ಟರು. "ನೀನು ಜೊತೆಗಿದ್ದ ಮೇಲೆ ನಮಗೆಂತ ಹೆದರಿಕೆ."

"ಮಂಗಳಾ ಹೇಳಿದ ಮೇಲೆ ಸರಿಯೇ," ಎಂದು ಕಲ್ಲಮ್ಮ ಸೊಸೆಯ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು. ಒಬ್ಬರೂ ಎರಡನೇ ಪ್ರಶ್ನೆ ಕೇಳಲಿಲ್ಲ.